ಹತ್ತನೇ ತರಗತಿ ಮಕ್ಕಳನ್ನು ನಾಟಕದಿಂದ ಬಿಡಿಸಬೇಕೆ?

ಹಾನಗಲ್ಲ ಕನ್ನಡ ಮಾಸ್ತರ:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಹಳ್ಳಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಒಂದು ನಾಟಕ ಮಾಡಿಸುತ್ತ ಬಂದು ಇದು ಒಂಬತ್ತನೇ ವರ್ಷ. ಸಿನಿಮಾ ಹಾಡಿನ ಕುಣಿತ ಹತ್ತಿದ್ದರೂ ಇರಲಿ, ನಡುವೆ ಮುಕ್ಕಾಲು ಗಂಟೆ ನಾಟಕಕ್ಕೆ ಬಿಡಬೇಕು ಎಂದು ಹಟ ಹಿಡಿದು ಉಳಿಸಿಕೊಂಡಿದ್ದೇನೆ.

ಈ ಸಲ ಶಾಲಾ ಅಭಿವೃದ್ಧಿ ಸಮಿತಿ ಸಭೆಯಲ್ಲಿ ಪಾಲಕರು ಎದ್ದು ನಿಂತು, ಹತ್ತನೇ ತರಗತಿಯವರು ನಾಟಕಕ್ಕೆ ಬೇಡ ಅಂದರು. ಮುಖ್ಯೋಪಾಧ್ಯಾಯರೂ ಅವರ ಮಾತಿಗೆ ತಲೆಯಾಡಿಸಿದರು. ನಾನು ಆರಿಸಿಕೊಂಡ ಹದಿನೇಳು ಮಕ್ಕಳಲ್ಲಿ ಒಂಬತ್ತು ಮಂದಿ ಹತ್ತನೇ ತರಗತಿಯವರು. ಎಂಟನೇ ತರಗತಿಯಿಂದ ಜೊತೆಗೇ ಬೆಳೆದ ತಂಡ ಅದು.

ನಾನು ಯಾಕೆ ಇಷ್ಟು ಹಚ್ಚಿಕೊಂಡಿದ್ದೇನೆ ಅಂತ ಹೇಳಬೇಕು. ನಮ್ಮ ಕಡೆ ಗೋವಿನಜೋಳ ಮುರಿಯೋ ಕಾಲ ಬಂತೆಂದರೆ ತರಗತಿ ಅರ್ಧಕ್ಕರ್ಧ ಖಾಲಿ. ಐದಾರು ವರ್ಷದ ಹಿಂದೆ ಒಬ್ಬ ಹುಡುಗ ದಿನಾ ಹೊಲಕ್ಕೆ ಹೋಗಿ, ಸಂಜೆ ನಾಲ್ಕಕ್ಕೆ ಕೈಕಾಲು ತೊಳೆದುಕೊಂಡು ಸೀದಾ ತಾಲೀಮಿಗೆ ಬರುತ್ತಿದ್ದ. ಹಗಲು ಗೈರು, ಸಂಜೆ ಹಾಜರು. ಆಮೇಲೆ ನಾವೆಲ್ಲ ಕೂತು ಒಂದು ಕಟ್ಟಳೆ ಮಾಡಿದೆವು. ಅವತ್ತಿನ ಹಾಜರಿ ಹಾಕಿಸಿದವರಿಗಷ್ಟೇ ತಾಲೀಮು. ಮರುವಾರದಿಂದ ಅವನು ಬೆಳಿಗ್ಗೆ ಒಂದು ತಾಸು ಹೊಲದಲ್ಲಿ ದುಡಿದು, ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಓಡಿ ಬರತೊಡಗಿದ. ಅವನ ತಂದೆಗೆ ನಾನು ಒಂದು ಮಾತೂ ಹೇಳಿರಲಿಲ್ಲ. ಮಗನೇ ಒಪ್ಪಿಸಿದ್ದ.

ಹತ್ತನೇ ತರಗತಿಯವರನ್ನು ಬಿಟ್ಟು ನಾಟಕ ಮಾಡಬಹುದು, ಆಗದ ಮಾತಲ್ಲ. ಆದರೆ ಆ ಒಂಬತ್ತು ಮಕ್ಕಳ ಮುಖ ನೋಡಿ ಬೇಡ ಅನ್ನೋದು ನನ್ನಿಂದ ಆಗ್ತಿಲ್ಲ. ನಿಮ್ಮ ಶಾಲೆಗಳಲ್ಲಿ ಏನು ಮಾಡ್ತೀರಿ? ಬೈಯೋದಿದ್ದರೂ ಬೈಯಿರಿ, ಕೇಳುತ್ತೇನೆ.


ತುಮಕೂರು ಗಣಿತ ಮೇಷ್ಟ್ರು:

ಸರ್, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೂ ನಾನು ಪಾಲಕರ ಪಕ್ಷ. ಬೋರ್ಡ್ ಪರೀಕ್ಷೆ ಅದು. ನಮ್ಮಂಥ ಶಾಲೆಯ ಮಗುವಿಗೆ ಒಳ್ಳೆಯ ಕಾಲೇಜು, ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ ಎಲ್ಲ ಆ ಒಂದು ಅಂಕಪಟ್ಟಿಯ ಮೇಲೆ ನಿಂತಿವೆ. ಊರಿನ ಸಾಹುಕಾರರ ಮಗ ನಾಟಕ ಮಾಡಿ ಅಂಕ ಕಳೆದುಕೊಂಡರೆ ಅವನಿಗೆ ಬೇರೆ ದಾರಿ ಇರುತ್ತದೆ. ಕೂಲಿಯವರ ಮಗಳಿಗೆ ಇರುವುದಿಲ್ಲ.

ಫಲಿತಾಂಶ ಕುಸಿದರೆ ಮುಖ್ಯೋಪಾಧ್ಯಾಯರನ್ನು ಮೇಲಿನವರು ಕರೆದು ಕೇಳುತ್ತಾರೆ. ನಾಟಕ ಯಾಕೆ ಮಾಡಿಸಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಅವರ ಕಷ್ಟವನ್ನೂ ನೋಡಿ.

ಡಿಸೆಂಬರಿನಲ್ಲಿ ವಾರ್ಷಿಕೋತ್ಸವ, ಅದು ಮುಗಿದ ಬೆನ್ನಿಗೇ ಪೂರ್ವಸಿದ್ಧತಾ ಪರೀಕ್ಷೆ. ನವೆಂಬರ್, ಡಿಸೆಂಬರ್ ಎರಡೂ ತಿಂಗಳು ಮಕ್ಕಳ ತಲೆ ತುಂಬ ವೇಷ, ಬಣ್ಣ. ನನ್ನ ತ್ರಿಕೋನಮಿತಿ ಪಾಠ ಬರೋದೂ ಅದೇ ಹೊತ್ತಿಗೆ.


ಸಾಗರದವಳು:

ಗಣಿತ ಮೇಷ್ಟ್ರ ಮಾತನ್ನು ತಳ್ಳಿಹಾಕಲಾಗದು. ಆದರೆ ನಾನು ಹತ್ತನೇ ತರಗತಿಯಲ್ಲೇ ನಾಟಕ ಮಾಡಿದವಳು, ಹಾಗಾಗಿ ನನ್ನ ಅನುಭವ ಹೇಳುತ್ತೇನೆ.

ನಮ್ಮೂರು ಹೆಗ್ಗೋಡಿಗೆ ಹತ್ತಿರ. ಅಲ್ಲಿಯವರಿಗೆ ನಾಟಕ ದೊಡ್ಡವರ ಕಸುಬು, ಪೇಟೆಯವರ ಕಲೆ ಅಂತೆಲ್ಲ ಅನ್ನಿಸುವುದೇ ಇಲ್ಲ. 1949ರಲ್ಲಿ ಊರವರು ಕಟ್ಟಿಕೊಂಡ ನಾಟಕ ಸಂಸ್ಥೆ ನೀನಾಸಮ್‌ನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದರು. 1985ರಿಂದ ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ ಊರೂರಿಗೆ ಹೋಗುತ್ತಿದೆ. ಅಡಕೆ ಸುಲಿದು ಬಂದು ನಾಟಕ ನೋಡುವ ಊರಿನಲ್ಲಿ ಶಾಲೆಯ ಮಕ್ಕಳಿಗೆ ನಾಟಕ ಕಲಿಸಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ನಮಗೆ ಕಲಿಸಲು ಬಂದಿದ್ದ ಅಣ್ಣ ಮೊದಲ ಹದಿನೈದು ದಿನ ಯಾರಿಗೂ ಪಾತ್ರ ಕೊಡಲಿಲ್ಲ. ಸುತ್ತ ಕೂರಿಸಿ ಓದಿಸಿದರು, ಅಷ್ಟೇ. ‘ಬಂದೆಯಾ’ ಅನ್ನುವ ಒಂದು ಮಾತನ್ನು ಅಮ್ಮ ಹೇಳಿದರೆ ಹೇಗೆ, ಸಾಲ ಕೊಟ್ಟವನು ಹೇಳಿದರೆ ಹೇಗೆ, ಹೆದರಿದವನು ಹೇಳಿದರೆ ಹೇಗೆ ಎಂದು ಹೇಳಿಸುತ್ತಿದ್ದರು. ಅದಾದ ಮೇಲೆ ನನಗೆ ಹಳಗನ್ನಡ ಪದ್ಯಗಳ ಹೆದರಿಕೆ ಹೋಯಿತು. ಯಾರು, ಯಾರಿಗೆ, ಯಾವ ಸಿಟ್ಟಿನಲ್ಲಿ ಹೇಳುತ್ತಿದ್ದಾರೆ ಅಂತ ಮೊದಲು ಕೇಳಿಕೊಂಡರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಸಂದರ್ಭ ಸಹಿತ ವಿವರಿಸಿ ಅನ್ನುವ ಪ್ರಶ್ನೆ ಕೇಳುವುದೂ ಅದನ್ನೇ ಅಲ್ಲವೇ? ಇವತ್ತು ನಾನು ಔಷಧಿ ಅಂಗಡಿ ನಡೆಸುತ್ತೇನೆ, ರಂಗಕ್ಕೂ ನನಗೂ ಸಂಬಂಧವಿಲ್ಲ. ಓದುವುದನ್ನು ಮಾತ್ರ ಕಲಿತದ್ದು ಆ ಎರಡೂವರೆ ತಿಂಗಳಿನಲ್ಲಿ.

ಮಾಸ್ತರೇ, ರಂಗತರಬೇತಿ ಮುಗಿಸಿದ ಹುಡುಗ ಹುಡುಗಿಯರು ನಿಮ್ಮ ಕಡೆಯೂ ಇರುತ್ತಾರೆ. ಹೆಗ್ಗೋಡು, ಸಾಣೇಹಳ್ಳಿ, ಮೈಸೂರಿನ ರಂಗಾಯಣ ಎಲ್ಲ ಕಡೆಯಿಂದ ಕಲಿತು ಹೊರಬಂದವರು ಕೆಲಸ ಹುಡುಕುತ್ತಾ ಇರುತ್ತಾರೆ. ಒಬ್ಬರನ್ನು ಹತ್ತು ದಿನಕ್ಕೆ ಕರೆಸಿ, ಊಟ, ವಸತಿ, ಕೈಲಾದಷ್ಟು ಗೌರವಧನ ಕೊಡಿ. ದುಡಿಸಿಕೊಂಡು ಬರಿಗೈಯಲ್ಲಿ ಕಳಿಸಬೇಡಿ.


ದಾವಣಗೆರೆ ಅಪ್ಪ:

ನನ್ನ ಮಗನಿಗೆ ತೊದಲು. ‘ಕ’ ಮತ್ತು ‘ಪ’ದಿಂದ ಶುರುವಾಗೋ ಮಾತು ಬಂದ್ರೆ ನಿಂತೇ ಬಿಡ್ತಾನೆ. ಒಂಬತ್ತನೇ ಕ್ಲಾಸಲ್ಲಿ ಅವರ ಮಿಸ್ಸು ಅವನನ್ನ ನಾಟಕದ ಮೇಳಕ್ಕೆ ಹಾಕಿದ್ರು, ಅಂದ್ರೆ ಕಥೆ ಹಾಡಿ ಹೇಳೋ ಗುಂಪಿಗೆ. ನಾನು ಶಾಲೆಗೆ ಹೋಗಿ ಜಗಳಾನೇ ಮಾಡಿದ್ದೆ, ಎಲ್ಲರ ಮುಂದೆ ಮಗನ ಮಾನ ಕಳೀತೀರಾ ಅಂತ.

ಮಿಸ್ಸು ಸಿಟ್ಟು ಮಾಡ್ಲಿಲ್ಲ. ‘ಹಾಡುವಾಗ ಅವನು ತೊದಲಲ್ಲ, ನೀವು ಯಾವತ್ತಾದ್ರೂ ಕೇಳಿದೀರಾ’ ಅಂದ್ರು. ಕೇಳಿರಲಿಲ್ಲ ಸ್ವಾಮಿ. ಹೆತ್ತ ಅಪ್ಪ ಹದಿನಾಲ್ಕು ವರ್ಷ ಕೇಳಿರಲಿಲ್ಲ. ಹಾಡುವಾಗ, ಗುಂಪಿನ ಜೊತೆ ಒಂದೇ ದನಿಯಲ್ಲಿ ಹೇಳುವಾಗ ತೊದಲು ಕಡಿಮೆ ಆಗೋದು ತುಂಬಾ ಜನರಲ್ಲಿ ಇದೆ ಅಂತ ಆಮೇಲೆ ವಾಕ್ ಚಿಕಿತ್ಸೆಯವರೂ ಹೇಳಿದ್ರು.

ನಾಟಕದಿಂದ ತೊದಲು ಹೋಯ್ತು ಅಂತ ಯಾರೂ ತಿಳ್ಕೋಬೇಡಿ. ಈಗಲೂ ಇದೆ. ಆದ್ರೆ ಮೊದಲು ಅಂಗಡಿಗೆ ಕಳಿಸಿದ್ರೆ ಚೀಟಿ ಬರ್ಕೊಂಡು ಹೋಗ್ತಿದ್ದ, ಈಗ ನಿಂತು, ತೊದಲಿ, ಮುಗಿಸಿ ಬರ್ತಾನೆ. ನನಗೆ ಅದು ಸಾಕು. ಹತ್ತನೇ ಕ್ಲಾಸಲ್ಲೂ ನಾಟಕ ಬಿಡಿಸಲಿಲ್ಲ.


ಹಾನಗಲ್ಲ ಕನ್ನಡ ಮಾಸ್ತರ:

ದಾವಣಗೆರೆಯವರೇ, ನಿಮ್ಮ ಮಾತನ್ನು ಇವತ್ತು ಸಿಬ್ಬಂದಿ ಕೊಠಡಿಯಲ್ಲಿ ಜೋರಾಗಿ ಓದಿದೆ. ಮುಖ್ಯೋಪಾಧ್ಯಾಯರು ಏನೂ ಹೇಳಲಿಲ್ಲ, ಇನ್ನೊಮ್ಮೆ ಓದಿ ಅಂದರು.


ಪರದೆ ಹಿಂದಿನವಳು:

ನಾನು ಈಗ ಫಸ್ಟ್ ಪಿಯುಸಿ. ಎರಡು ವರ್ಷ ನಾಟಕದಲ್ಲಿದ್ದೆ, ಒಂದು ಸಲಾನೂ ಸ್ಟೇಜ್ ಮೇಲೆ ಬಂದಿಲ್ಲ. ಮೊದಲ ವರ್ಷ ಪ್ರಾಂಪ್ಟಿಂಗು, ಎರಡನೇ ವರ್ಷ ಲೈಟು.

ಪ್ರಾಂಪ್ಟಿಂಗ್ ಅಂದ್ರೆ ಬರೀ ಮಾತು ಹೇಳಿಕೊಡೋದು ಅಂತ ಅಂದ್ಕೊಂಡಿದ್ದೆ. ಅಲ್ಲ. ಯಾರು ಎಲ್ಲಿ ಬೇಕಂತ ನಿಲ್ಲಿಸ್ತಾರೆ, ಯಾರು ನಿಜವಾಗ್ಲೂ ಮರೆತಿದಾರೆ ಅನ್ನೋದು ಗೊತ್ತಾಗಬೇಕು. ಬೇಗ ಹೇಳಿಕೊಟ್ರೆ ಅವರ ಅಭಿನಯ ಕೆಡುತ್ತೆ, ತಡ ಆದ್ರೆ ಅವರು ಬೆವರ್ತಾರೆ. ನನಗೆ ಹದಿನಾರು ಜನರ ಮಾತೂ ಬಾಯಿಗೆ ಬರ್ತಿತ್ತು.

ಲೈಟಿಗೆ ನಮ್ಮ ಹತ್ರ ಇದ್ದದ್ದು ಶಾಮಿಯಾನದವರ ನಾಲ್ಕು ಹ್ಯಾಲೋಜನ್. ಅದರ ಮುಂದೆ ಬಣ್ಣದ ಜಿಲೆಟಿನ್ ಹಾಳೆ. ಹಳೇ ಕಾಲದ ಊರ ನಾಟಕದಲ್ಲಿ ಉಪ್ಪುನೀರಿನ ಡ್ರಮ್ಮಲ್ಲಿ ಕರೆಂಟ್ ಹಾಯಿಸಿ ಡಿಮ್ಮರ್ ಮಾಡ್ತಿದ್ರಂತೆ. ನಾವೂ ಮಾಡೋಣ ಅಂತ ಹುಡುಗರು ಹಟ ಮಾಡಿದ್ರು. ವಿಜ್ಞಾನದ ಸರ್ ಖಡಾಖಂಡಿತ ಬೇಡ ಅಂದ್ರು, ಜೀವ ಹೋಗುತ್ತೆ ಅಂತ. ಆದ್ರೆ ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಬೋರ್ಡಿನ ಮೇಲೆ ಬರೆದು ತೋರಿಸಿದ್ರು. ವಿದ್ಯುತ್ ರೋಧ ನನಗೆ ಅರ್ಥ ಆಗಿದ್ದು ಅವತ್ತು.

ನಾಟಕದ ದಿನ ಮೂರನೇ ದೃಶ್ಯದಲ್ಲಿ ಕರೆಂಟ್ ಹೋಯ್ತು. ಜನರೇಟರ್ ಇರಲಿಲ್ಲ. ನಾನು ಕತ್ತಲಲ್ಲೇ ಅಳೋಕೆ ಶುರು ಮಾಡಿದ್ದೆ. ಸ್ಟೇಜ್ ಮೇಲಿದ್ದ ಇಬ್ಬರೂ ಮಾತು ನಿಲ್ಲಿಸಲೇ ಇಲ್ಲ, ಕತ್ತಲಲ್ಲೇ ಮುಂದುವರಿಸಿದ್ರು. ಅಷ್ಟೊತ್ತಿಗೆ ಯಾರೋ ಒಬ್ಬರು ಮೈದಾನದ ಆಚೆ ನಿಂತಿದ್ದ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ಹೆಡ್‌ಲೈಟನ್ನ ಸ್ಟೇಜಿಗೆ ತಿರುಗಿಸಿದ್ರು. ಆಮೇಲೆ ಎರಡು ಬೈಕು. ಇಂಜಿನ್ ಸದ್ದಿಗೆ ಮಾತು ಕೇಳಲ್ಲ ಅಂತ ನಮ್ಮವರು ಗಂಟಲು ಹರಿದುಕೊಂಡು ಮಾತಾಡಿದ್ರು. ಇಡೀ ಊರು ಕದಲದೆ ಕೂತಿತ್ತು. ಹಿಂದಿನ ಗೋಡೆ ಮೇಲೆ ನೆರಳು ಎರಡಾಳು ಎತ್ತರ ಬಿದ್ದಿತ್ತು, ನಾನು ತಿಂಗಳುಗಟ್ಟಲೆ ಯೋಚಿಸಿ ಇಟ್ಟ ಲೈಟಿಗಿಂತ ಚೆನ್ನಾಗಿತ್ತು.

ಹತ್ತರಲ್ಲಿ ನನಗೆ 81 ಪರ್ಸೆಂಟ್ ಬಂತು. ನಾಟಕ ಇಲ್ಲದಿದ್ರೆ 90 ಬರ್ತಿತ್ತು ಅಂತ ಚಿಕ್ಕಪ್ಪ ಈಗಲೂ ಹೇಳ್ತಾರೆ. ಇರಬಹುದು. ಆದ್ರೂ ಆ ಅಂಕಕ್ಕೆ ನಾಟಕಾನ ನಾನು ಬದಲಿಗೆ ಕೊಡಲ್ಲ.


ಕರಾವಳಿ ಟೀಚರ್:

ನಮ್ಮ ಉಡುಪಿ ಕಡೆ ಹೈಸ್ಕೂಲು ಮಕ್ಕಳಿಗೆ ಯಕ್ಷಗಾನ ಕಲಿಸುವ ಕ್ರಮ ಉಂಟು. ಯಕ್ಷಶಿಕ್ಷಣ ಟ್ರಸ್ಟಿನವರು ಶಾಲೆ ಶಾಲೆಗೆ ಗುರುಗಳನ್ನು ಕಳಿಸುತ್ತಾರೆ. ವರ್ಷದ ಕೊನೆಗೆ ಕಿಶೋರ ಯಕ್ಷಗಾನ ಸಂಭ್ರಮ ಅಂತ ಸಾಲಾಗಿ ಪ್ರದರ್ಶನಗಳು. ಒಂದು ಕಾಲದಲ್ಲಿ ಗಂಡಸರದ್ದೇ ಆಗಿದ್ದ ರಂಗದಲ್ಲಿ ಈಗ ಹೆಣ್ಣುಮಕ್ಕಳು ಭೀಮ, ಕೌರವ ಎಲ್ಲ ಮಾಡುತ್ತಾರೆ ಮಾರಾಯ್ರೆ. ಕಿರೀಟ ಕಟ್ಟಿ, ಗೆಜ್ಜೆ ಕಟ್ಟಿ ಕುಣಿಯುವಾಗ ಯಾವ ಮನೆಯ ಮಗು, ಯಾವ ಜಾತಿ, ಯಾವ ಧರ್ಮ ಅಂತ ನನಗಂತೂ ಗುರುತೇ ಸಿಗುವುದಿಲ್ಲ.

ನಾನು ಗಮನಿಸಿದ್ದು ಅರ್ಥಗಾರಿಕೆಯನ್ನು. ಹಾಡು ಭಾಗವತರದ್ದು, ಮಾತು ಪಾತ್ರಧಾರಿಯದ್ದು. ಮೊದಲ ವರ್ಷ ಮಕ್ಕಳು ಬರೆದುಕೊಟ್ಟದ್ದನ್ನು ಬಾಯಿಪಾಠ ಹೇಳುತ್ತಾರೆ. ಎರಡನೇ ವರ್ಷಕ್ಕೆ ಎದುರಿನವನು ಒಂದು ಸಾಲು ಬಿಟ್ಟರೆ ತಾವೇ ಕಟ್ಟಿ ಉತ್ತರ ಕೊಡುತ್ತಾರೆ. ಅದೂ ಒಂದೇ ಒಂದು ಇಂಗ್ಲಿಷ್ ಶಬ್ದ ಇಲ್ಲದೆ, ಶುದ್ಧ ಕನ್ನಡದಲ್ಲಿ. ಇಂಗ್ಲಿಷ್ ಮೀಡಿಯಂ ಮಕ್ಕಳು ಸಹ!

ಹೆಸರಾಂತ ರಂಗನಿರ್ದೇಶಕ ಬಿ.ವಿ. ಕಾರಂತರು ಬಂಟ್ವಾಳ ತಾಲ್ಲೂಕಿನ ಮಂಚಿಯವರು. ಮೂರನೇ ತರಗತಿಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದ್ದೇ ಅವರ ರಂಗಪ್ರವೇಶ. ಶಾಲೆಯ ಮೇಷ್ಟ್ರೊಬ್ಬರು ಮಾಡಿಸಿದ ನಾಟಕ ಅದು. ಹಾನಗಲ್ಲದ ಮಾಸ್ತರು ಮಾಡುತ್ತಿರುವುದೂ ಅದೇ ಕೆಲಸ.


ಅಂಚೆಚೀಟಿ ಅಣ್ಣ:

ನಾಟಕದ ಮಾತು ಚೆನ್ನಾಗಿ ನಡೀತಿದೆ, ಸ್ವಲ್ಪ ಬೇರೆ ಕಡೆ ತಿರುಗಿಸ್ತೀನಿ, ಕ್ಷಮಿಸಿ. ನನ್ನಂಥವರಿಗೆ ಗುಂಪು ಅಂದ್ರೇನೇ ಆಗಲ್ಲ. ಪರದೆ ಹಿಂದೆ ಕೂಡ. ಅಂಥ ಮಕ್ಕಳಿಗೆ ಶಾಲೆಯಲ್ಲಿ ಏನಿದೆ?

ನನಗೆ ಸಿಕ್ಕಿದ್ದು ಅಂಚೆಚೀಟಿ ಸಂಘ. ಆರು ಜನ ಇದ್ವಿ. ಬುಧವಾರ ಕೊನೇ ಪಿರಿಯಡ್, ಗ್ರಂಥಾಲಯದ ಮೂಲೆ. ಲಕೋಟೆಯಿಂದ ಚೀಟಿಯನ್ನ ನೀರಲ್ಲಿ ನೆನೆಸಿ ಬಿಡಿಸೋದು, ಹಳೇ ಪುಸ್ತಕದ ನಡುವೆ ಒಣಗಿಸೋದು. ಒಂದು ಚೀಟಿ ಮೇಲೆ ಯಾವ ದೇಶ ಅಂತ ಗೊತ್ತಾಗದೆ ಎರಡು ವಾರ ಅಟ್ಲಾಸ್ ತಿರುವಿ ಹಾಕಿದ್ದು ನೆನಪಿದೆ. ಮಾತಾಡದೇನೇ ಗೆಳೆಯರಾಗಬಹುದು ಅಂತ ಗೊತ್ತಾದದ್ದು ಅಲ್ಲಿ.

ಶಿಕ್ಷಕರಿಗೆ ಉಪಯೋಗ ಆಗಬಹುದು ಅಂತ ಹೇಳ್ತಿದೀನಿ. ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆ 2017ರಿಂದ ಇದೆ. ಆರರಿಂದ ಒಂಬತ್ತನೇ ತರಗತಿ ಮಕ್ಕಳಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 500ರಂತೆ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನ. ಶಾಲೆಯಲ್ಲಿ ಅಂಚೆಚೀಟಿ ಸಂಘ ಇದ್ದು ಮಗು ಅದರ ಸದಸ್ಯ ಆಗಿರಬೇಕು, ರಸಪ್ರಶ್ನೆ ಬರೀಬೇಕು, ಒಂದು ಪ್ರಾಜೆಕ್ಟ್ ಮಾಡಬೇಕು. ಸಂಘ ಇಲ್ಲದಿದ್ರೆ ಮಗುವೇ ಸ್ವಂತ ಫಿಲಾಟಲಿ ಖಾತೆ, ಅಂದ್ರೆ ಅಂಚೆಚೀಟಿ ಸಂಗ್ರಹದ ಖಾತೆ, ತೆಗೆದಿದ್ರೂ ನಡೆಯುತ್ತೆ. ಹತ್ತಿರದ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ.

ಪರಿಸರ ಸಂಘಗಳೂ ಹಾಗೇ. 2001-02ರಿಂದ ರಾಷ್ಟ್ರೀಯ ಹಸಿರು ಪಡೆ ಅಂತ ಸಾವಿರಾರು ಶಾಲೆಗಳಲ್ಲಿ ಇಕೋ ಕ್ಲಬ್ ಇವೆ. ಎಷ್ಟೋ ಕಡೆ ಜೂನ್ 5ಕ್ಕೆ ಒಂದು ಸಸಿ ನೆಟ್ಟು ಫೋಟೋ ತೆಗೆಸಿದರೆ ಮುಗೀತು. ಆ ಸಸಿಗೆ ಏಪ್ರಿಲ್‌ನಲ್ಲಿ ನೀರು ಹಾಕೋದು ಯಾರು ಅಂತ ಕೇಳೋ ಶಾಲೆಯಲ್ಲಿ ಮಾತ್ರ ಸಂಘ ಇದೆ ಅಂತ ನಾನು ಲೆಕ್ಕ ಹಾಕ್ತೀನಿ.


ವಿಜ್ಞಾನ ನಾಟಕದ ಮೇಡಂ:

ಪರದೆ ಹಿಂದಿನವಳೇ, ನಿಮ್ಮ ಟ್ರ್ಯಾಕ್ಟರ್ ಕಥೆ ಓದಿ ಕಣ್ಣು ತುಂಬಿತು ಕಂದಾ.

ಮಾಸ್ತರಿಗೆ ಒಂದು ಉಪಾಯ. ಮುಖ್ಯೋಪಾಧ್ಯಾಯರು ‘ನಾಟಕದಿಂದ ಪಾಠಕ್ಕೇನು ಲಾಭ’ ಅಂದರೆ ವಿಜ್ಞಾನ ನಾಟಕ ಸ್ಪರ್ಧೆಯ ಸುತ್ತೋಲೆ ತೋರಿಸಿ. ಪ್ರತಿ ವರ್ಷ ಒಂದು ಮುಖ್ಯ ವಿಷಯ, ಕೆಲವು ಉಪವಿಷಯ ಕೊಡುತ್ತಾರೆ. ನಾಟಕ ಅರ್ಧ ಗಂಟೆ ಮೀರುವಂತಿಲ್ಲ, ತಂಡದ ಗಾತ್ರಕ್ಕೂ ಮಿತಿ ಇದೆ. ಗೆದ್ದವರು ಮೇಲಿನ ಹಂತಕ್ಕೆ ಹೋಗುತ್ತಾರೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ ದಕ್ಷಿಣ ಭಾರತ ಮಟ್ಟದ ವಿಜ್ಞಾನ ನಾಟಕೋತ್ಸವ ನಡೆಸುತ್ತದೆ.

ನಮ್ಮ ಮಕ್ಕಳು ಒಮ್ಮೆ ಲಸಿಕೆಯ ಬಗ್ಗೆ ಮಾಡಿದರು. ಪುಸ್ತಕದಲ್ಲಿ ಎರಡು ಪ್ಯಾರಾ ಇರುವ ವಿಷಯಕ್ಕೆ ಆರೋಗ್ಯ ಕೇಂದ್ರದ ದಾದಿಯನ್ನು, ಊರಿನ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬಂದರು. ಸಿಡುಬಿನ ಕಲೆ ಇರುವ ಅಜ್ಜಿಯೊಬ್ಬರು ತಾಲೀಮಿಗೇ ಬಂದು ಕೂತರು.

ಆದರೆ ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಪ್ರತಿಭಾ ಕಾರಂಜಿ ಆಗಲಿ, ಬೇರೆ ಸ್ಪರ್ಧೆ ಆಗಲಿ, ಬೆಳಿಗ್ಗೆ ಒಂಬತ್ತಕ್ಕೆ ಬಣ್ಣ ಹಚ್ಚಿಕೊಂಡ ಮಕ್ಕಳು ಮಧ್ಯಾಹ್ನ ಮೂರರವರೆಗೆ ಕಾಯುವುದನ್ನು ನಾನು ನೋಡಿದ್ದೇನೆ. ಬಣ್ಣ ಕೆಡುತ್ತದೆಂದು ಊಟ ಮಾಡಲಿಲ್ಲ ಒಬ್ಬಳು. ಬಾಡಿಗೆ ವೇಷ, ಕೂಲಿಗೆ ಬಂದ ನಿರ್ದೇಶಕರು, ರೆಕಾರ್ಡ್ ಮಾಡಿದ ಸಂಗೀತ ತಂದ ತಂಡದ ಎದುರು ನಮ್ಮ ಗೋಣಿಚೀಲದ ವೇಷ ಸೋತಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲಿಂದ ನಾನು ಸ್ಪರ್ಧೆಗೆ ಮೊದಲು ಊರಿನಲ್ಲಿ ಒಂದು ಪ್ರದರ್ಶನ ಮಾಡಿಸಿಯೇ ಕರೆದುಕೊಂಡು ಹೋಗುವುದು. ಚಪ್ಪಾಳೆ ಮೊದಲು ಮನೆಯವರಿಂದ ಸಿಕ್ಕಿರಬೇಕು.


ನ್ಯೂಜೆರ್ಸಿ ಅಮ್ಮ:

ನನ್ನ ಮಗಳು ಇಲ್ಲಿನ ಹೈಸ್ಕೂಲಿನ ಡ್ರಾಮಾ ಕ್ಲಬ್‌ನಲ್ಲಿದ್ದಾಳೆ. ಶರತ್ಕಾಲದಲ್ಲಿ ಒಂದು ನಾಟಕ, ವಸಂತದಲ್ಲಿ ಒಂದು ಸಂಗೀತ ನಾಟಕ. ನನಗೆ ಹಿಡಿಸಿದ್ದು ಇಷ್ಟು: ರಂಗಸಜ್ಜಿಕೆ, ಬೆಳಕು, ಧ್ವನಿ, ವೇಷಭೂಷಣ ನೋಡಿಕೊಳ್ಳುವ ಮಕ್ಕಳ ಹೆಸರೂ ನಟರ ಹೆಸರಿನ ಜೊತೆಗೇ ಕರಪತ್ರದಲ್ಲಿ ಅಚ್ಚಾಗುತ್ತದೆ. ನಾನು ಶಿವಮೊಗ್ಗದಲ್ಲಿ ಓದುವಾಗ ಪರದೆ ಎಳೆಯುತ್ತಿದ್ದೆ, ನನ್ನ ಹೆಸರನ್ನು ಯಾರೂ ಮೈಕಿನಲ್ಲಿ ಕರೆಯಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿದೆ. ಮಾಸ್ತರೇ, ಎಲ್ಲರ ಹೆಸರೂ ಹೇಳಿಸಿ.


ಹೆಣ್ಣುಮಗಳ ತಾಯಿ, ಕಲಘಟಗಿ:

ಎಲ್ಲಾರೂ ಓದಿನ ಮಾತ ಆಡಾಕತ್ತೀರಿ. ನಮ್ಮ ಚಿಂತಿ ಬ್ಯಾರೇನ ಐತ್ರಿ. ತಾಲೀಮು ಮುಗಿಯೂದು ಆರಕ್ಕ. ನಮ್ಮೂರ ಕಡೀ ಬಸ್ಸು ಐದೂವರಿಗೆ. ಈಗ ಹೆಣ್ಣಮಕ್ಕಳಿಗೆ ಬಸ್ಸು ಪುಕ್ಕಟೆ ಐತಿ, ಆದ್ರ ಬಸ್ಸ ಇಲ್ಲಂದ್ರ ಪುಕ್ಕಟೆ ಟಿಕೀಟು ತಗೊಂಡು ಏನ ಮಾಡೂದ್ರಿ? ಹೋದ ವರ್ಷ ನನ್ನ ಮಗಳನ್ನ ನಾಟಕ ಬಿಡಿಸಿದ್ದು ಅದಕ್ಕ. ಮೂರು ದಿನ ಅಕಿ ನನ್ನ ಕೂಡ ಮಾತಾಡಲಿಲ್ಲ. ಓದಿಗೆ ತ್ರಾಸ ಆಗತೈತಿ ಅಂತ ಸುಳ್ಳು ಹೇಳಿದ್ದೆ ಸರಗೆ. ನಿಮ್ಮ ಸಭಾದಾಗ ಎದ್ದು ನಿಂತಾವ್ರಿಗೂ ಒಮ್ಮೆ ಕೇಳ್ರಿ, ಒಳಗಿನ ಮಾತು ಬ್ಯಾರೇ ಇರಬಹುದು.


ತುಮಕೂರು ಗಣಿತ ಮೇಷ್ಟ್ರು:

ಆ ತಾಯಿಯ ಮಾತು ಓದಿದ ಮೇಲೆ ನಾನು ನಿನ್ನೆ ಬರೆದದ್ದನ್ನು ಮತ್ತೆ ಯೋಚಿಸಿದೆ. ತೊಡಕಿರುವುದು ಕ್ಯಾಲೆಂಡರಿನಲ್ಲಿ ಮತ್ತು ಗಡಿಯಾರದಲ್ಲಿ ಅನ್ನಿಸಿತು.

ಹೀಗೆ ಮಾಡಿ ನೋಡಿ. ನಾಟಕವನ್ನು ವಾರ್ಷಿಕೋತ್ಸವದಿಂದ ಬಿಡಿಸಿ. ಜುಲೈ, ಆಗಸ್ಟಿನಲ್ಲಿ ಓದು ಮತ್ತು ಹಾಡು. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಪೂರ್ತಿ ಬಿಡುವು. ದಸರಾ ರಜೆ ಮುಗಿದ ಮೇಲೆ ಜೋರು ತಾಲೀಮು, ನವೆಂಬರಿನಲ್ಲಿ ರಾಜ್ಯೋತ್ಸವಕ್ಕೋ ಮಕ್ಕಳ ದಿನಾಚರಣೆಗೋ ಪ್ರದರ್ಶನ. ಆಮೇಲೆ ಹತ್ತನೇ ತರಗತಿಯವರಿಗೆ ಪರೀಕ್ಷೆಗೆ ನಾಲ್ಕು ತಿಂಗಳು ಕೈಯಲ್ಲಿರುತ್ತದೆ. ಸಂಜೆ ಬದಲು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ಬೆಳಗಿನ ಬಸ್ಸು ಹೇಗೂ ಇರುತ್ತದೆ. ಶನಿವಾರ ಅರ್ಧ ದಿನ, ಶಾಲೆ ಬಿಟ್ಟ ಮೇಲೆ ಎರಡು ತಾಸು ಸಿಗುತ್ತದೆ.

ಇನ್ನೊಂದು. ಯಾವ ಮಗು ಯಾವ ವಿಷಯದಲ್ಲಿ ಹಿಂದಿದೆ ಎಂಬ ಪಟ್ಟಿ ನನ್ನಂಥವರ ಬಳಿ ಇರುತ್ತದೆ. ಆ ಪಟ್ಟಿ ಮೊದಲೇ ಕೇಳಿ ತೆಗೆದುಕೊಳ್ಳಿ. ನಾಟಕದಿಂದ ತೆಗೆಯಲಿಕ್ಕಲ್ಲ, ಅವರಿಗೆ ಸಣ್ಣ ಪಾತ್ರ ಕೊಡಲಿಕ್ಕೆ. ನಿಮ್ಮ ಶಾಲೆಯ ಗಣಿತದವರು ನಾಟಕಕ್ಕೆ ಎದುರಾಗುವ ಬದಲು ಜೊತೆಗೆ ಬರುತ್ತಾರೆ.


ಹಾನಗಲ್ಲ ಕನ್ನಡ ಮಾಸ್ತರ:

ಎಲ್ಲರಿಗೂ ಕೈಮುಗಿದು ಹೇಳುತ್ತಿದ್ದೇನೆ, ತೀರ್ಮಾನವಾಯಿತು.

ಶನಿವಾರ ಪಾಲಕರನ್ನು ಮತ್ತೆ ಕರೆದಿದ್ದೆವು. ಕಲಘಟಗಿಯ ಅಕ್ಕ ಹೇಳಿದ ಹಾಗೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಎದ್ದು ನಿಂತಿದ್ದ ಏಳು ಮಂದಿಯಲ್ಲಿ ನಾಲ್ವರದ್ದು ಬಸ್ಸಿನ ಮಾತೇ. ಇಬ್ಬರಿಗೆ ವೇಷದ ಖರ್ಚಿನ ಹೆದರಿಕೆ, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೊಂಡಿದ್ದರು. ಒಬ್ಬರು ಮಾತ್ರ ನಿಜಕ್ಕೂ ಪರೀಕ್ಷೆಗೆ ಹೆದರಿದವರು. ಅವರ ಮಗಳು ಹಾಡುವ ಮೇಳದಲ್ಲಿ ಇರುತ್ತಾಳೆ, ವಾರಕ್ಕೆ ಎರಡೇ ದಿನ ತಾಲೀಮು.

ನಾಟಕ ನವೆಂಬರ್ 14ಕ್ಕೆ. ತಾಲೀಮು ಬೆಳಿಗ್ಗೆ. ಪರೀಕ್ಷೆಯ ವಾರಗಳಲ್ಲಿ ತಾಲೀಮು ಇಲ್ಲ. ವೇಷಕ್ಕೆ ಯಾರ ಮನೆಯಿಂದಲೂ ದುಡ್ಡು ಕೇಳುವುದಿಲ್ಲ, ಗೋಣಿಚೀಲ, ಹಳೆ ಧೋತರ, ರಟ್ಟು ಇಷ್ಟರಲ್ಲೇ. ಗಣಿತದ ಮೇಡಂ ತಾವಾಗಿಯೇ ಪಟ್ಟಿ ಕೊಟ್ಟರು, ಜೊತೆಗೆ ಶನಿವಾರ ತಾಲೀಮಿಗೆ ಮೊದಲು ಅರ್ಧ ತಾಸು ಲೆಕ್ಕ ಮಾಡಿಸುತ್ತೇನೆ ಅಂದರು. ಗೋವಿನಜೋಳದ ಹುಡುಗನ ಬಗ್ಗೆ ಬರೆದಿದ್ದೆನಲ್ಲ, ಅವನು ಈಗ ಗೂಡ್ಸ್ ಗಾಡಿ ಓಡಿಸುತ್ತಾನೆ. ಲೈಟು, ಜಮಖಾನೆ ತರುವ ಬಾಡಿಗೆ ನನ್ನದು ಅಂದಿದ್ದಾನೆ.

ಸೂಚನಾ ಫಲಕದಲ್ಲಿ ಹದಿನೇಳು ನಟರ ಕೆಳಗೆ ಇನ್ನೂ ಎಂಟು ಹೆಸರು ಹಾಕಿದೆ: ಲೈಟು, ಪ್ರಾಂಪ್ಟಿಂಗು, ಪರದೆ, ವೇಷ. ಪರದೆ ಎಳೆಯುವ ಹುಡುಗ ತನ್ನ ಹೆಸರಿನ ಮೇಲೆ ಬೆರಳಿಟ್ಟು ತಮ್ಮನಿಗೆ ತೋರಿಸುತ್ತಿದ್ದ.

ಮೊದಲ ತಾಲೀಮು ಸೋಮವಾರ. ಒಂದೇ ಕೊರತೆ, ಶಾಲೆಯ ಹಾರ್ಮೋನಿಯಂ ತಿದಿ ಹರಿದಿದೆ, ಎರಡು ಸ್ವರ ಹೊರಡುತ್ತಿಲ್ಲ. ಹುಬ್ಬಳ್ಳಿ, ಹಾವೇರಿ ಕಡೆ ರಿಪೇರಿ ಮಾಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.


ಹುಬ್ಬಳ್ಳಿ ತಬಲಾದವ:

ಮಾಸ್ತರ, ನಮ್ಮ ಅಜ್ಜಾರು ಕಂಪನಿ ನಾಟಕದಾಗ ಕಾಲಪೆಟಗಿ ಬಾರಸ್ತಿದ್ರು, ರಿಪೇರಿ ಕೆಲಸಾ ನಾ ಅವರ ಕಡೆ ಕಲ್ತೇನಿ. ಸೋಮವಾರದ ಒಳಗ ಆಗೂದಿಲ್ಲ, ಗುರುವಾರ ಕೊಡತೇನಿ. ಅಲ್ಲೀತನಕಾ ನನ್ನ ಮನಿ ಪೆಟಗಿ ಒಯ್ಯರಿ. ನಿಮಗ ಬ್ಯಾರೆ ಮೆಸೇಜ್ ಹಾಕೇನಿ, ನೋಡ್ರಿ.